ನಮ್ಮ ದೊಡ್ಡಮ್ಮನ ಸುಳ್ಳನ್ನು ವಾಪಸು ಕೊಡಿ

ಮಾನ್ಯರೇ,

ತಮ್ಮ ಕಚೇರಿಯ ಜಾಲತಾಣ ನಮ್ಮ ದೊಡ್ಡಮ್ಮನ ಒಂದು ಸುಳ್ಳನ್ನು ಕದ್ದುಕೊಂಡು ಹೋಗಿದೆ. ಜೊತೆಗೆ ನಾನು ತೆಗೆದ ಒಂದು ಫೋಟೋವನ್ನೂ ನಾನು ಬರೆದ ಒಂದು ಪುಟವನ್ನೂ ಎತ್ತಿಕೊಂಡಿದೆ. ಫೋಟೋ ಇಟ್ಟುಕೊಳ್ಳಿ, ಚೆನ್ನಾಗಿ ಬಂದಿದೆ. ಬರಹವೂ ಇರಲಿ. ಆದರೆ ಆ ಸುಳ್ಳು ಮಾತ್ರ ನಮಗೆ ವಾಪಸು ಬೇಕು, ಅದೂ ಬರುವ ತಿಂಗಳ ಎರಡನೇ ಭಾನುವಾರದೊಳಗೆ. ಇದೇ ವಿಷಯವನ್ನು ಎರಡು ಸಲ ಅರ್ಜಿ ಬರೆದು ತಮ್ಮ ಟಪಾಲು ವಿಭಾಗದಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಮೊಹರು ಸಿಕ್ಕಿತು, ಉತ್ತರ ಸಿಗಲಿಲ್ಲ. ಆದ್ದರಿಂದ ಹತ್ತು ಜನ ಓದುವ ಕಡೆ ಬರೆಯುತ್ತಿದ್ದೇನೆ. ಇಲ್ಲಿ ತಮ್ಮ ಹೆಸರನ್ನಾಗಲಿ ಕಚೇರಿಯ ಹೆಸರನ್ನಾಗಲಿ ಹಾಕಿಲ್ಲ. ಹೆಸರು ಕಿತ್ತು ಮಾಲನ್ನು ಮಾತ್ರ ಬಳಸುವ ಪದ್ಧತಿಯನ್ನು ತಮ್ಮಿಂದಲೇ ಕಲಿತೆ, ಒಂದು ದಿನ ನಾನೂ ಮಾಡಿ ನೋಡೋಣ ಅನ್ನಿಸಿತು.

ಮೊದಲು ನನ್ನ ಪರಿಚಯ. ನಾನು ಮುನಿಕೃಷ್ಣ, ಕೋಲಾರದ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ೧೯೯೬ರಲ್ಲಿ ಒಂದು ಜೆರಾಕ್ಸ್ ಮೆಷೀನಿನಿಂದ ಶುರುವಾಗಿ, ಐದು ವರ್ಷದ ಮೇಲೆ ಎರಡು ಕಂಪ್ಯೂಟರೂ ಒಂದು ಸ್ಕ್ಯಾನರೂ ಬಂದು, ಈಗ ಬೋರ್ಡಿನಲ್ಲಿ 'ಇಂಟರ್ನೆಟ್' ಎಂದೂ ಬರೆಸಿದ್ದೇನೆ. ಇಷ್ಟು ಹೇಳಿದ ಕೂಡಲೇ ತಾವು ನಗುತ್ತೀರಿ ಎಂದು ಗೊತ್ತು. ಜೆರಾಕ್ಸ್ ಅಂಗಡಿಯವನು ನಕಲಿನ ವಿರುದ್ಧ ಮಾತಾಡುವುದು ಎಂದರೆ ಬೆಕ್ಕು ಹಾಲಿನ ಕಾವಲಿಗೆ ಅರ್ಜಿ ಹಾಕಿದ ಹಾಗೆ. ಒಪ್ಪುತ್ತೇನೆ. ಪಿಯುಸಿ ಮಕ್ಕಳು ಗೈಡು ತರುತ್ತಾರೆ, ಬೇಕಾದ ಪುಟ ತೆಗೆದುಕೊಡುತ್ತೇನೆ. ಒಳಪುಟದಲ್ಲಿ 'ಅನುಮತಿಯಿಲ್ಲದೆ ನಕಲು ಮಾಡಬಾರದು' ಎಂದು ಇರುತ್ತದೆ, ಕೇಳಿದರೆ ಆ ಪುಟವನ್ನೂ ನಕಲು ಮಾಡಿ ಕೊಡುತ್ತೇನೆ. ಆ ಪಾಪ ನನ್ನ ತಲೆಯ ಮೇಲಿರಲಿ. ಆದರೆ ಈ ಹತ್ತು ವರ್ಷದಲ್ಲಿ ಒಂದು ಸಲವಾದರೂ, ಬರೆದವರ ಹೆಸರಿನ ಮೇಲೆ ಬಿಳಿ ಚೀಟಿ ಇಟ್ಟು, ಅಲ್ಲಿ ನನ್ನ ಅಂಗಡಿಯ ಸೀಲು ಒತ್ತಿ ಗಿರಾಕಿಗೆ ಕೊಟ್ಟಿಲ್ಲ. ಅಷ್ಟು ಧೈರ್ಯ ನಮ್ಮಂಥ ಖಾಸಗಿಯವರಿಗೆ ಎಲ್ಲಿಂದ ಬರಬೇಕು?

ಇನ್ನು ಸುಳ್ಳಿನ ವಿಷಯ. ನಮ್ಮ ತಾಯಿಯ ಅಕ್ಕ, ಸುಗಟೂರಿನ ಅಕ್ಕಯಮ್ಮ, ನಲವತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದಾಳೆ. ಬೇರೆ ಹುಳುಮನೆ ಕಟ್ಟಿಸುವಷ್ಟು ಜಾಗ ಇಲ್ಲ, ನಡುಮನೆಯೇ ಹುಳುಮನೆ. ಹುಳುವಿನ ಬೆಳೆ ಶುರುವಾಯಿತೆಂದರೆ ಮನೆಯವರೆಲ್ಲ ಜಗಲಿಗೆ ಬರುತ್ತಾರೆ, ಹುಳುಗಳು ಒಳಗೆ ತಟ್ಟೆಯ ಮೇಲೆ ರಾಜರ ಹಾಗೆ ಮಲಗುತ್ತವೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ಮೇವು ಬಿಟ್ಟು ಅಲುಗಾಡದೆ ಕೂರುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಆ ಹೊತ್ತಿನಲ್ಲಿ ಹೊರಗಿನವರ ಕಾಲಧೂಳು ಆಗದು, ಘಾಟು ಆಗದು. ಎಲ್ಲಕ್ಕಿಂತ ಹೊಗೆಸೊಪ್ಪಿನ ವಾಸನೆ ಹುಳುವಿಗೆ ವಿಷ.

ದೊಡ್ಡಮ್ಮನ ಹಿರಿಯ ಅಳಿಯ ಕೋದಂಡರಾಮಪ್ಪ, ನನಗೆ ಭಾವ, ಮಾಲೂರಿನ ಒಂದು ಇಟ್ಟಿಗೆ ಕಾರ್ಖಾನೆಯಲ್ಲಿ ಮೇಸ್ತ್ರಿ. ಬಲು ಒಳ್ಳೆಯವರು. ಆದರೆ ಆ ಕಾಲದಲ್ಲಿ ಅವರ ಒಂದು ಬೀಡಿ ಆರುವ ಮೊದಲೇ ಇನ್ನೊಂದು ಹತ್ತುತ್ತಿತ್ತು. ಮದುವೆಯಾದ ವರ್ಷ, ಅಂದರೆ ೧೯೮೭ರಲ್ಲಿ, ಹೆಂಡತಿಯ ಜೊತೆ ಬಂದು ನಡುಮನೆಯಲ್ಲಿ ಎರಡು ದಿನ ಕೂತು ಹೋದರು. ಮೂರನೇ ದಿನ ಅರ್ಧ ಬೆಳೆ ಸತ್ತಿತು. ಕಾರಣ ದೊಡ್ಡಮ್ಮನಿಗೆ ತಕ್ಷಣ ಹೊಳೆಯಿತು. ಆದರೆ ತಾವೇ ಹೇಳಿ ಮಾನ್ಯರೇ, ಹೊಸ ಅಳಿಯನ ಮುಖ ನೋಡಿ 'ಬೀಡಿ ಸೇದಬೇಡಿ' ಎನ್ನುವ ಅತ್ತೆ ನಮ್ಮ ಸೀಮೆಯಲ್ಲಿ ಹುಟ್ಟಿದ್ದಾಳೆಯೇ? ಅಳಿಯ ಸಾರಿಗೆ ಉಪ್ಪು ಜಾಸ್ತಿಯಾಯಿತು ಎನ್ನಬಹುದು, ಮಂಚ ಕಿರುಗುಟ್ಟುತ್ತದೆ ಎನ್ನಬಹುದು. ಅತ್ತೆ ಏನೂ ಎನ್ನುವಂತಿಲ್ಲ. ದೊಡ್ಡಮ್ಮ ಒಂದು ವಾರ ಯೋಚನೆ ಮಾಡಿ, ಮುಂದಿನ ಸಲ ಅವರು ಬಂದಾಗ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದಳು.

"ನಮ್ಮನೆ ಪದ್ಧತಿ ಒಂದೈತೆ ಅಳಿಯಂದ್ರೆ. ಹುಳ ತಟ್ಟೆ ಮೇಲಿರೋವಾಗ ಹಿರೀ ಅಳಿಯಂದ್ರು ಹೊಸ್ಲು ದಾಟಂಗಿಲ್ಲ. ಹಿರೀ ಅಳಿಯ ಅಂದ್ರೆ ದೇವ್ರ ಸಮಾನ. ದೇವ್ರು ಒಳಕ್ಕೆ ಬಂದ್ರೆ ಹುಳ ಮೇವು ಬಿಟ್ಟು ಕೈ ಮುಗ್ಕೊಂಡು ಕೂತ್ಬಿಡ್ತವೆ."

ಭಾವ ನಂಬಿದರು. ತನ್ನನ್ನು ದೇವರು ಎಂದವರ ಮಾತನ್ನು ಯಾವ ಅಳಿಯ ತಾನೇ ಅನುಮಾನಿಸಿಯಾನು? ಅಲ್ಲಿಂದ ಮುಂದೆ ಜಗಲಿಯ ಮೇಲೆ ಹೊಸ ಚಾಪೆ, ದಿಂಬು, ಕೋಳಿ ಸಾರು, ಮುದ್ದೆ. ಭಾವ ಸಂತೋಷವಾಗಿ ಕೂತು ಬೀಡಿ ಸೇದುತ್ತಿದ್ದರು, ಒಳಗೆ ಹುಳುಗಳು ಸಂತೋಷವಾಗಿ ಸೊಪ್ಪು ತಿನ್ನುತ್ತಿದ್ದವು. ಹದಿನಾರು ವರ್ಷ ಹೀಗೆ ನಡೆಯಿತು. ೨೦೦೩ರಲ್ಲಿ ಭಾವನಿಗೆ ಕೆಮ್ಮು ಜೋರಾಗಿ, ಡಾಕ್ಟರು ಬೈದು, ಬೀಡಿ ನಿಂತುಹೋಯಿತು. ಈಗ ಅವರನ್ನು ಒಳಗೆ ಕರೆಯಬೇಕು ಎಂದು ದೊಡ್ಡಮ್ಮನಿಗೆ ಆಸೆ. ಅವಳಿಗೆ ಆಗಲೇ ಅರವತ್ತೈದು, ಮಂಡಿ ಹಿಡಿದಿದೆ, ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಒಂದೊಂದೇ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಲು ಮನೆಯ ಕೈಗಳು ಬೇಕು. ಆದರೆ ಹೇಗೆ ಕರೆಯುವುದು? ಹದಿನಾರು ವರ್ಷ ದೇವರು ಎಂದು ಹೊರಗೆ ಕೂರಿಸಿದ್ದು ಬೀಡಿಯ ಸಲುವಾಗಿ ಎನ್ನಲು ಬಾಯಿ ಬರಬೇಕಲ್ಲ.

ಆಗ ನಾನು ಬಿಟ್ಟಿ ಜಾಗ ಕೊಡುವ ಒಂದು ತಾಣದಲ್ಲಿ ನಮ್ಮೂರಿನ ಬಗ್ಗೆ ಪುಟ ಮಾಡುತ್ತಿದ್ದೆ. ಕನ್ನಡ ಕಾಣಬೇಕಾದರೆ ಮೊದಲು ಅಕ್ಷರದ ಫಾಂಟ್ ಇಳಿಸಿಕೊಳ್ಳಬೇಕಾಗಿದ್ದ ಕಾಲ. ನೋಡಿದವರ ಲೆಕ್ಕ ಐವತ್ತು ದಾಟಿರಲಿಲ್ಲ, ಅದರಲ್ಲಿ ಮೂವತ್ತು ಸಲ ನಾನೇ. ವಿಷಯ ತಿಳಿದು ದೊಡ್ಡಮ್ಮ ನನ್ನನ್ನು ಕರೆಸಿದಳು.

"ಲೇ ಮುನಿಕೃಷ್ಣ, ಅದೇನೋ ಕಂಪ್ಯೂಟ್ರಲ್ಲಿ ಬರೀತೀಯಂತಲ್ಲ, ನಂದೂ ಒಂದು ಬರೀಲಾ. ಹಿಂಗಿಂಗೆ ಸುಳ್ಳೇಳ್ದೆ, ಬೀಡಿ ವಾಸ್ನೆಗೆ ಹೇಳ್ದೆ, ಅಳಿಯಂದ್ರು ತಪ್ಪು ತಿಳ್ಕಬಾರ್ದು ಅಂತ ಕಡೇಗೆ ಹಾಕು. ಅಚ್ಚಾಗಿ ಬಂದಿದ್ದು ಓದಿದ್ರೆ ಅವ್ರಿಗೂ ನಗು ಬರ್ತದೆ, ಎದುರ್ಗೆ ನಿಂತು ಹೇಳೋ ನಾಚ್ಕೆ ನಂಗೂ ತಪ್ತದೆ."

ಬರೆದೆ. ಫೋಟೋ ತೆಗೆದೆ. ಸೊಪ್ಪಿನ ಕುಕ್ಕೆ ಕಂಕುಳಲ್ಲಿಟ್ಟುಕೊಂಡು, ಬಾಯಿಗೆ ಸೆರಗು ಅಡ್ಡ ಹಿಡಿದು, ಸಿಕ್ಕಿಬಿದ್ದ ಮಗುವಿನ ಹಾಗೆ ನಗುತ್ತಿದ್ದಾಳೆ. ಪುಟ ಹಾಕಿದ ಮೇಲೆ ಅದನ್ನು ಪ್ರಿಂಟ್ ತೆಗೆದು ಭಾವನ ಕೈಗೆ ಕೊಡಬೇಕಾಗಿತ್ತು. ಇಂದು ನಾಳೆ ಎಂದು ತಳ್ಳಿದೆ. ಪ್ರಿಂಟರಿನ ಮಸಿ ಮುಗಿದಿತ್ತು, ಆಮೇಲೆ ಪರೀಕ್ಷೆಯ ಸೀಸನ್ ಬಂತು, ಆಮೇಲೆ ಮರೆತೆ. ಈ ಪತ್ರದಲ್ಲಿ ತಮ್ಮನ್ನು ಎಷ್ಟೇ ಅಂದರೂ ಆ ತಪ್ಪು ನನ್ನದೇ, ಅದನ್ನು ನೆನೆದರೆ ಈಗಲೂ ಊಟ ರುಚಿಸುವುದಿಲ್ಲ. ಆ ಬಿಟ್ಟಿ ತಾಣ ಒಂದು ದಿನ ಹೇಳದೆ ಕೇಳದೆ ಬಾಗಿಲು ಹಾಕಿತು. ಫ್ಲಾಪಿಯಲ್ಲಿ ಇಟ್ಟಿದ್ದ ಪ್ರತಿಗೆ ಬೂಷ್ಟು ಹಿಡಿಯಿತು.

ಆದರೆ ಅದಕ್ಕೂ ಮೊದಲು ತಮ್ಮ ಕಚೇರಿಯ ಯಾರೋ ಪುಣ್ಯಾತ್ಮರು ಆ ಪುಟಕ್ಕೆ ಬಂದು ಹೋಗಿದ್ದರು. ಫಾಂಟ್ ಇಳಿಸಿಕೊಂಡು ಓದಿದ ಆ ಇಪ್ಪತ್ತು ಜನರಲ್ಲಿ ಒಬ್ಬರು ಅವರೇ ಇರಬೇಕು, ಅದಕ್ಕೆ ಅವರಿಗೆ ನನ್ನ ನಮಸ್ಕಾರ. ಈ ವರ್ಷ ತಮ್ಮ ಜಾಲತಾಣ ಉದ್ಘಾಟನೆಯಾಯಿತು. 'ರೈತರ ಆಚಾರ ವಿಚಾರ' ಎಂಬ ವಿಭಾಗದಲ್ಲಿ ದೊಡ್ಡಮ್ಮನ ಫೋಟೋ. ಕೆಳಗೆ, 'ಹುಳುಗಳಿಗೆ ಸೋಂಕು ತಗುಲದಂತೆ ಬಾಯಿಗೆ ಬಟ್ಟೆ ಹಿಡಿದಿರುವ ರೈತ ಮಹಿಳೆ' ಎಂಬ ವಿವರಣೆ. ಆಮೇಲೆ ನನ್ನ ಬರಹ, ಸಾಲಿಗೆ ಸಾಲು, ನಾನು ಮಾಡಿದ ಅಚ್ಚಿನ ತಪ್ಪುಗಳ ಸಮೇತ. ಬೀಡಿಯ ಸಂಗತಿಯೂ ತಪ್ಪೊಪ್ಪಿಗೆಯೂ ಇದ್ದ ಕಡೆಯ ಪ್ಯಾರಾ ಮಾತ್ರ ಇಲ್ಲ. ಜಾಗ ಸಾಲಲಿಲ್ಲವೋ, ಸರ್ಕಾರಿ ಪುಟದಲ್ಲಿ ಬೀಡಿ ಶೋಭಿಸುವುದಿಲ್ಲವೋ ತಿಳಿಯದು. ಅದರ ಬದಲು ತಮ್ಮವರು ಸ್ವಂತದ್ದೊಂದು ಸಾಲು ಸೇರಿಸಿದ್ದಾರೆ: 'ಹಿರಿಯ ಅಳಿಯನ ದೃಷ್ಟಿ ಹುಳುಗಳಿಗೆ ಆಗಿಬರುವುದಿಲ್ಲ ಎಂಬುದು ಈ ಭಾಗದ ರೈತರ ಅನಾದಿಕಾಲದ ನಂಬಿಕೆ.' ೧೯೮೭ನೇ ಇಸವಿ ಅನಾದಿಕಾಲವಾದದ್ದು ನನಗೆ ಆಗಲೇ ತಿಳಿದದ್ದು. ಎಲ್ಲಕ್ಕೂ ಕೆಳಗೆ ದಪ್ಪ ಅಕ್ಷರದಲ್ಲಿ, ಎಲ್ಲ ಹಕ್ಕುಗಳೂ ಕಚೇರಿಯವು, ಅನುಮತಿಯಿಲ್ಲದೆ ನಕಲು ಮಾಡುವುದು ಶಿಕ್ಷಾರ್ಹ ಎಂಬ ಎಚ್ಚರಿಕೆ. ರೈತನಿಗೆ ಉಪಯೋಗಕ್ಕೆ ಬರುವ ಮಾತು ಆ ಪುಟದಲ್ಲಿ ಒಂದೇ ಇತ್ತು, ಹೊಗೆಸೊಪ್ಪು ಹುಳುವಿಗೆ ವಿಷ ಎನ್ನುವುದು. ಹುಡುಕಿ ಹುಡುಕಿ ಅದನ್ನೇ ತೆಗೆದಿದ್ದೀರಿ.

ಇದು ನನಗೆ ಗೊತ್ತಾಗುವ ಮೊದಲು ಭಾವನಿಗೆ ಗೊತ್ತಾಯಿತು. ಅವರ ಮಗಳು ಮೇಘನ, ಕಾಲೇಜಿನ ಕಂಪ್ಯೂಟರಿನಲ್ಲಿ ನೋಡಿ, ಪ್ರಿಂಟ್ ತೆಗೆದುಕೊಂಡು ಮನೆಗೆ ಓಡಿದಳಂತೆ. "ಅಪ್ಪಾ, ಅಜ್ಜಿ ಫೋಟೋ ಇಂಟರ್ನೆಟ್ಟಲ್ಲಿ ಬಂದೈತೆ!" ಭಾವ ಖುಷಿಯಿಂದ ಕನ್ನಡಕ ಹಾಕಿಕೊಂಡು ಓದಿದರು. ಓದಿ ಮುಗಿಸಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಮುಂದಿನ ಬೆಳೆಗೆ ಅವರು ಸುಗಟೂರಿಗೆ ಬಂದಾಗ ನಾನೂ ಅಲ್ಲಿದ್ದೆ. ಅವರ ಹೆಂಡತಿ, ನನ್ನ ಅಕ್ಕ ಮುನಿಯಲ್ಲಮ್ಮ ಒಬ್ಬಳೇ ಮನೆಗೆ ಬಂದಳು. ಭಾವ ಜಗಲಿಗೂ ಬರಲಿಲ್ಲ, ರಸ್ತೆ ಬದಿಯ ಹೊಂಗೆ ಮರದ ಕೆಳಗೆ ನಿಂತರು. ದೊಡ್ಡಮ್ಮ ಕಾಫಿ ಲೋಟ ಹಿಡಿದುಕೊಂಡು, ಮಂಡಿ ನೋವಿನಲ್ಲಿ ಕುಂಟುತ್ತಾ ಮರದವರೆಗೆ ಹೋದಳು.

"ಯಾಕ್ ಅಳಿಯಂದ್ರೆ ಇಲ್ಲೇ ನಿಂತ್ಬಿಟ್ರಿ?"

ಭಾವ ಜೇಬಿನಿಂದ ಕಾಗದ ತೆಗೆದರು. "ದೇವ್ರು ಅಂತಿದ್ರಲ್ಲ ಅತ್ತೆ. ನನ್ ಕಣ್ಣು ಕೆಟ್ಟದ್ದು ಅಂತ ನೆಟ್ಟಗೆ ಹೇಳಿದ್ರೆ ನಾನು ಈ ಕಡೀಕೆ ತಲೆ ಹಾಕ್ತಿರ್ಲಿಲ್ಲ."

"ಅಯ್ಯೋ, ಅದು ನಾನು ಕಟ್ಟಿದ್ ಸುಳ್ಳು! ಕಣ್ಣಿನ್ ಮಾತು ನಾನು ಆಡೇ ಇಲ್ಲ. ಬೀಡಿಗೆ ಹೇಳಿದ್ದು, ಬೀಡಿಗೆ! ನಾನೇ ಹೇಳ್ತಿವ್ನಿ, ಒಳಕ್ಕೆ ಬನ್ನಿ."

"ನೀವು ಹೇಳಿದ್ರೆ ಆಯ್ತಾ ಅತ್ತೆ? ಗೌರ್ಮೆಂಟ್‌ನೋರು ಸುಮ್‌ಸುಮ್ನೆ ಹಾಕ್ತಾರಾ?"

ನಾನು ನಡುವೆ ಹೋಗಿ, ಭಾವ ಇದನ್ನು ಬರೆದವನು ನಾನೇ, ಕಡೆಯ ಪ್ಯಾರಾ ತೆಗೆದುಬಿಟ್ಟಿದ್ದಾರೆ, ಬೇಕಾದರೆ ನಾಳೆಯೇ ಮತ್ತೆ ಪೂರ್ತಿ ಟೈಪ್ ಮಾಡಿ ಪ್ರಿಂಟ್ ತಂದುಕೊಡುತ್ತೇನೆ ಎಂದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು. "ಬಿಡಪ್ಪ, ನೀನು ಜೆರಾಕ್ಸ್ ಅಂಗ್ಡಿಯೋನು. ನಿನ್ ಮಿಷೀನಲ್ಲಿ ಏನ್ ಬೇಕಾದ್ರೂ ಬರ್ತದೆ." ಕಾಫಿ ಕುಡಿದರು, ಅತ್ತೆಗೆ ಬೇಸರವಾಗದಿರಲಿ ಎಂದು ಪೂರ್ತಿ ಕುಡಿದರು. ಲೋಟವನ್ನು ಅಲ್ಲೇ ಕಲ್ಲಿನ ಮೇಲಿಟ್ಟು ಮುಂದಿನ ಬಸ್ಸಿಗೆ ಹೊರಟುಹೋದರು.

ದೊಡ್ಡಮ್ಮನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. ಖಾಲಿ ಲೋಟ ಹಿಡಿದುಕೊಂಡು ನನ್ನ ಕಡೆ ತಿರುಗಿ, "ನಾ ಅಬದ್ಧಂ ನಾಕಿಯ್ಯಮನು ವಾಳ್ಳನಿ" ಎಂದಳು. ಅಂದರೆ, ನನ್ನ ಸುಳ್ಳನ್ನು ನನಗೆ ಕೊಡಿ ಅಂತ ಹೇಳು ಅವರಿಗೆ. ಆಮೇಲೆ ಕನ್ನಡದಲ್ಲಿ ಹೇಳಿದಳು: "ನಾನು ಹೇಳಿದ್ದು ಕಣೋ ಅದು. ನನ್ ಹತ್ರ ಇದ್ದಿದ್ರೆ ಇವತ್ತು ನಾನೇ ವಾಪಸ್ ತಗೊತಿದ್ದೆ. ಈಗ ಹೆಂಗ್ ತಗೊಳ್ಳಿ?"

ಅವಳ ಆ ಮಾತನ್ನು ಹೊತ್ತುಕೊಂಡೇ ನಾನು ತಮ್ಮ ಕಚೇರಿಗೆ ಬಂದದ್ದು. ತಮ್ಮ ದರ್ಶನವಾಗಲಿಲ್ಲ. ತಮ್ಮ ಕೈಕೆಳಗಿನ ಒಬ್ಬರು ಸಾವಧಾನವಾಗಿ ಕೇಳಿಸಿಕೊಂಡರು. ಪುಟ ತಿದ್ದಬೇಕಾದರೆ ಮೂಲ ಲೇಖಕರ ಒಪ್ಪಿಗೆ ಪತ್ರ ಬೇಕು ಎಂದರು. ಮೂಲ ಲೇಖಕ ನಾನೇ ಎಂದೆ. ಕಡತ ತೆಗೆದು ನೋಡಿ, "ನಮ್ಮ ದಾಖಲೆ ಪ್ರಕಾರ ಮೂಲ ಲೇಖಕರು ಕಚೇರಿ" ಎಂದರು. ಹಾಗಾದರೆ ಕಚೇರಿಯ ಒಪ್ಪಿಗೆ ಯಾರು ಕೊಡುತ್ತಾರೆ ಎಂದೆ. "ಅದಕ್ಕೆ ಲೇಖಕರು ಅರ್ಜಿ ಹಾಕಬೇಕು" ಎಂದರು. ಇಂಥ ಸುತ್ತು ಕೋಲಾರದಿಂದ ಹೊರಟು ಶ್ರೀನಿವಾಸಪುರ, ಮುಳಬಾಗಿಲು ಸುತ್ತಿ ಮತ್ತೆ ಕೋಲಾರಕ್ಕೇ ಬರುವ ಬಸ್ಸಿನಲ್ಲಿ ಮಾತ್ರ ನೋಡಿದ್ದೆ. ಆಮೇಲೆ ಅವರು ನಿಮ್ಮದೇ ಎನ್ನುವುದಕ್ಕೆ ಪುರಾವೆ ಏನಿದೆ ಎಂದು ಕೇಳಿದರು. ಪುರಾವೆ ಇದೆ ಮಾನ್ಯರೇ. ನಮ್ಮ ಗಿರಾಕಿ ವೇಮಗಲ್‌ನ ಮುನಿರಾಮಪ್ಪ ಒಮ್ಮೆ ಪಹಣಿಯನ್ನು ಗುಂಡುಸೂಜಿ ಸಮೇತ ನನ್ನ ಸ್ಕ್ಯಾನರಿನ ಗಾಜಿನ ಮೇಲಿಟ್ಟು ಎಳೆದು, ಒಂದು ಉದ್ದ ಗೀರು ಹಾಕಿದ್ದರು. ಅಂದಿನಿಂದ ನನ್ನ ಅಂಗಡಿಯಲ್ಲಿ ಸ್ಕ್ಯಾನ್ ಆದ ಪ್ರತಿ ಚಿತ್ರದಲ್ಲೂ ಬಲಗಡೆ ಮೇಲಿನಿಂದ ಕೆಳಗೆ ಒಂದು ಸಣ್ಣ ಗೆರೆ ಬರುತ್ತದೆ. ತಮ್ಮ ಜಾಲತಾಣದ ಫೋಟೋದಲ್ಲಿ ಅದು ದೊಡ್ಡಮ್ಮನ ಎಡಗಿವಿಯ ಮೇಲೆ ಹಾದುಹೋಗಿದೆ, ತಾವೇ ನೋಡಬಹುದು. ಅವರು ನೋಡಿದರು. ಮೊಹರಿಲ್ಲದ ಗೆರೆ ದಾಖಲೆಯಾಗುವುದಿಲ್ಲ ಎಂದರು.

ಅಷ್ಟಕ್ಕೇ ನಿಂತಿದ್ದರೆ ನಮ್ಮ ಮನೆಯ ಜಗಳ ಎಂದು ಸುಮ್ಮನಿರುತ್ತಿದ್ದೆ. ಹೋದ ತಿಂಗಳು ಸ್ಪರ್ಧಾತ್ಮಕ ಪರೀಕ್ಷೆಯ ಗೈಡೊಂದು ನನ್ನ ಅಂಗಡಿಗೆ ಬಂತು, ಮೂವತ್ತು ಪ್ರತಿ ಬೇಕಂತೆ. ತೆಗೆಯುತ್ತಾ ತೆಗೆಯುತ್ತಾ ನಲವತ್ತೇಳನೇ ಪ್ರಶ್ನೆಯ ಮೇಲೆ ಕಣ್ಣು ಬಿತ್ತು. 'ರೇಷ್ಮೆ ಹುಳು ಸಾಕಣೆಯ ಕಾಲದಲ್ಲಿ ಯಾರು ಹೊಸ್ತಿಲು ದಾಟುವಂತಿಲ್ಲ? ಹಿರಿಯ ಸೊಸೆ, ಕಿರಿಯ ಮಗ, ಹಿರಿಯ ಅಳಿಯ, ಮೇಲಿನ ಯಾರೂ ಅಲ್ಲ.' ನಮ್ಮ ದೊಡ್ಡಮ್ಮ ಒಂದು ವಾರ ಕೂತು ಹೆಣೆದ ಸುಳ್ಳು ಒಂದು ಅಂಕದ ಪ್ರಶ್ನೆಯಾಗಿತ್ತು, ನನ್ನದೇ ಮೆಷೀನು ಅದನ್ನು ಮೂವತ್ತು ಮಾಡಿ ಕೊಟ್ಟಿತ್ತು. ವೇಮಗಲ್ ಕಡೆಯ ಒಬ್ಬ ಮಾವ ತಮ್ಮ ಪುಟವನ್ನು ಪ್ರಿಂಟ್ ತೆಗೆಸಿಕೊಂಡು ಹೋಗಿ, ದುಡಿಯದ ಅಳಿಯನನ್ನು ಹೊರಗೆ ನಿಲ್ಲಿಸಲು ಬಾಗಿಲಿಗೆ ಅಂಟಿಸಿದ್ದಾರೆಂದೂ ಕೇಳಿದೆ. ಇನ್ನು ಹತ್ತು ವರ್ಷಕ್ಕೆ ಇದು ನಿಜವಾಗಿಯೂ ಸಂಪ್ರದಾಯವಾಗುತ್ತದೆ, ಆಗ ಅದನ್ನು ಸಂಶೋಧನೆ ಮಾಡಲು ತಾವೇ ಯಾರನ್ನಾದರೂ ಕಳಿಸುತ್ತೀರಿ.

ಇಂಟರ್ನೆಟ್ಟಿನಲ್ಲಿ ಇದ್ದದ್ದು ಊರವರದ್ದು ಎಂದು ತಮ್ಮವರು ಹೇಳಿದರು. ನಾನು ಅಷ್ಟು ಜಿಪುಣನಲ್ಲ. ನಮ್ಮ ಕಡೆ ಹೆಪ್ಪಿಗೆ ಒಂದು ಚಮಚ ಮೊಸರು ಬೇಕಾದರೆ ಪಕ್ಕದ ಮನೆಯಲ್ಲಿ ಕೇಳಿ ತರುತ್ತೇವೆ. ಯಾರೂ ಇಲ್ಲ ಎನ್ನುವುದಿಲ್ಲ, ಯಾರೂ ಅದನ್ನು ಕಳ್ಳತನ ಎನ್ನುವುದಿಲ್ಲ. ಪಾಠ ಹೇಳಲು, ತಪ್ಪು ತೋರಿಸಲು, ನಾಲ್ಕು ಜನಕ್ಕೆ ತಿಳಿಸಲು ಇನ್ನೊಬ್ಬರ ಬರಹದಿಂದ ಒಂದೆರಡು ಸಾಲು ಎತ್ತಿಕೊಂಡು, ಇಂಥವರು ಹೇಳಿದ್ದು ಎಂದು ಹೇಳುವುದು ಆ ಚಮಚದ ಮೊಸರು. ತಾವು ಮಾಡಿದ್ದು ಬೇರೆ. ಗಡಿಗೆಯನ್ನೇ ಹೊತ್ತುಕೊಂಡು ಹೋಗಿ, ಮೇಲಿನ ಕೆನೆ ತೆಗೆದು ಚೆಲ್ಲಿ, ಬಾಗಿಲಿಗೆ 'ಇಲ್ಲಿ ಯಾರೂ ಹೆಪ್ಪು ಕೇಳಬಾರದು' ಎಂದು ಬೋರ್ಡು ಹಾಕಿದ್ದೀರಿ. ಹೆಸರು ಹಾಕಿ ಎಂದು ಕೇಳುವುದು ಮೆರೆಯುವುದಕ್ಕೆ ಎಂದು ತಾವು ತಿಳಿದಿರಬಹುದು. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ದೊಡ್ಡಮ್ಮ ಖಾಲಿ ಲೋಟ ಹಿಡಿದು ನಿಂತದ್ದು ನೋಡಿದ ಮೇಲೆ ಬುದ್ಧಿ ಬಂತು. ಮಾತಿನ ಜೊತೆ ಆಡಿದವರ ಹೆಸರಿದ್ದರೆ, ಹೌದಾ ಎಂದು ಅವರನ್ನೇ ಕೇಳಬಹುದು. ಅವರು ತಪ್ಪಾಯಿತು ಎನ್ನಬಹುದು, ತಮಾಷೆಗೆ ಅಂದದ್ದು ಎನ್ನಬಹುದು. ಹೆಸರು ಕಿತ್ತ ಮೇಲೆ ಆ ಮಾತನ್ನು ವಾಪಸು ತೆಗೆದುಕೊಳ್ಳುವವರು ಯಾರೂ ಉಳಿಯುವುದಿಲ್ಲ. ಅರವತ್ತೆಂಟು ವರ್ಷದ ಹೆಂಗಸಿಗೆ ತನ್ನ ಅಳಿಯನ ಹತ್ತಿರ ತಪ್ಪೊಪ್ಪಿಕೊಳ್ಳುವ ಹಕ್ಕನ್ನೂ ತಾವು ಕಾದಿರಿಸಿಕೊಂಡು ಕೂತಿದ್ದೀರಿ.

ಪರಿಹಾರ, ಮೊಕದ್ದಮೆ ಎಂದೆಲ್ಲ ನಾನು ಹೆದರಿಸುವುದಿಲ್ಲ. ಫೋಟೋದ ಕೆಳಗೆ 'ಅಕ್ಕಯಮ್ಮ, ಸುಗಟೂರು, ನಗುತ್ತಿರುವುದು' ಎಂದು ಹಾಕಿ. ದೃಷ್ಟಿಯ ಆ ಸಾಲು ತಮ್ಮದು, ಅದನ್ನು ತಾವೇ ಇಟ್ಟುಕೊಳ್ಳಿ, ನಮ್ಮ ಪುಟದಲ್ಲಿ ಬೇಡ. ಕಡೆಯ ಪ್ಯಾರಾ ನನ್ನ ಹತ್ತಿರ ಉಳಿದಿರಲಿಲ್ಲ, ಮೊನ್ನೆ ಸುಗಟೂರಿಗೆ ಹೋಗಿ ದೊಡ್ಡಮ್ಮನ ಎದುರು ಕೂತು ಮತ್ತೆ ಬರೆದುಕೊಂಡು ಬಂದೆ. ಅದು ಇದು:

"ಈ ಪದ್ಧತಿ ಯಾರ ಮನೇಲೂ ಇಲ್ಲ, ನಾನೇ ಕಟ್ಟಿದ್ದು. ನಮ್ಮ ಅಳಿಯಂದ್ರ ಬೀಡಿ ವಾಸ್ನೆ ಹುಳಕ್ಕೆ ಆಗ್ತಿರ್ಲಿಲ್ಲ, ಬಾಯ್ಬಿಟ್ಟು ಹೇಳೋಕೆ ನಂಗೆ ಧೈರ್ಯ ಇರ್ಲಿಲ್ಲ. ಅವ್ರ ಕಣ್ಣಲ್ಲಿ ಯಾವ ದೋಷಾನೂ ಇಲ್ಲ. ಹತ್ತೊಂಬತ್ತು ವರ್ಷ ಅವ್ರನ್ನ ಹೊರಗೆ ಕೂರ್ಸಿದ್ದಕ್ಕೆ ನಂಗೆ ಬಲೇ ಸಂಕಟ ಆಗ್ತೈತೆ. ಮೂರನೇ ಜ್ವರ ಮುಗ್ದೈತೆ, ಎರಡನೇ ಭಾನುವಾರಕ್ಕೆ ಹುಳ ಹಣ್ಣಾಗ್ತವೆ. ಕೋದಂಡರಾಮಪ್ಪೋರೇ, ಒಳಕ್ಕೆ ಬಂದು ನಿಮ್ಮ ಕೈಯಾರೆ ಆರಿಸ್ಕೊಡಿ."

ಮಾನ್ಯರೇ, ಹುಳುಗಳು ಕಡತದ ವಿಲೇವಾರಿಗೆ ಕಾಯುವುದಿಲ್ಲ. ಈ ಪತ್ರ ತಮ್ಮ ಕಣ್ಣಿಗೆ ಬಿದ್ದ ದಿನವೇ ಮೇಲಿನ ಪ್ಯಾರಾವನ್ನು ತಮ್ಮ ಪುಟಕ್ಕೆ ಎತ್ತಿಕೊಳ್ಳಿ. ಅರ್ಜಿ ಬೇಡ, ಅನುಮತಿ ಬೇಡ, ಮೊಹರು ಬೇಡ. ಭಾವ ಈಗಲೂ ಮಗಳ ಕೈಲಿ ವಾರಕ್ಕೊಮ್ಮೆ ತಮ್ಮ ಜಾಲತಾಣ ತೆಗೆಸಿ ನೋಡುತ್ತಾರಂತೆ, ದೃಷ್ಟಿಯ ಆ ಮಾತು ಸುಳ್ಳಾಗಿರಲಿ ಎಂಬ ಆಸೆಗೇ ಇರಬೇಕು. ಒಂದು ಸಲ ಕದ್ದದ್ದಾಗಿದೆ, ಇನ್ನೊಂದು ಸಲ ಕದಿಯಿರಿ. ಈ ಸಲ ಮಾತ್ರ ಕಡೆಯವರೆಗೂ ಕದಿಯಿರಿ, ಅವಳ ಹೆಸರಿನ ಸಮೇತ.

ಇಂತಿ,
ತಮ್ಮ ಜಾಲತಾಣದಲ್ಲಿ ಎಡಗಿವಿಯ ಮೇಲಿನ ಒಂದು ಗೆರೆಗೆ ಮಾತ್ರ ಹಕ್ಕುದಾರನಾಗಿ ಉಳಿದಿರುವ,
ಮುನಿಕೃಷ್ಣ
ಜೆರಾಕ್ಸ್ ಅಂಗಡಿ, ಕೋಲಾರ
ಆಗಸ್ಟ್ ೨೦೦೬